ಎಕ್ಸ್‌ಪ್ರೆಸ್ ಡ್ರೈವರ್ ಮತ್ತು ಗಡಿಯಾರವಿಲ್ಲದ ದ್ವೀಪ

ಬುದ್ಧಿ ಹೇಳಲೆಂದು ಹೋದವನು ಮೂರು ಗಂಟೆ ಗೇಮ್ ಆಡಿ ಬಂದಿದ್ದೇನೆ. ನಗಬೇಡಿ. ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನಗಿ.

ಕಳೆದ ಭಾನುವಾರ ಬೆಳಿಗ್ಗೆ ಕಾಪುವಿನಿಂದ ಅಕ್ಕನ ಫೋನ್. "ನಿನ್ನ ಭಾವನಿಗೆ ಸ್ವಲ್ಪ ಹೇಳು ಮಾರಾಯ. ಇಡೀ ದಿನ ಆ ಟ್ಯಾಬ್ ಹಿಡಿದುಕೊಂಡು ಕೂತಿರುತ್ತಾರೆ. ಐವತ್ತೆರಡು ಆಯಿತು, ಗೇಮ್ ಆಡುವ ಪ್ರಾಯವಾ ಇದು? ನಾಳೆ ಬಸ್ಸಿನ ಧಣಿಗೆ ಉತ್ತರ ಬೇರೆ ಕೊಡಬೇಕು!" (ಅಕ್ಕ ಮಾತಾಡಿದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಕಡಿಮೆಯಾಗಿದೆ.)

ಮೊದಲು ಭಾವನ ಪರಿಚಯ ಆಗಬೇಕು. ಉಡುಪಿ–ಕಾರ್ಕಳ ನಡುವೆ ಇಪ್ಪತ್ತನಾಲ್ಕು ವರ್ಷ ಎಕ್ಸ್‌ಪ್ರೆಸ್ ಬಸ್ ಓಡಿಸಿದವರು. ನಮ್ಮ ಕಡೆಯ ಖಾಸಗಿ ಬಸ್ಸುಗಳ ವಿಷಯ ನಿಮಗೆ ಗೊತ್ತೇ ಇದೆ. ಮುಂದೊಂದು ಬಸ್ಸು, ಹಿಂದೊಂದು ಬಸ್ಸು, ನಡುವೆ ನಾಲ್ಕೈದು ನಿಮಿಷ. ಸ್ಟ್ಯಾಂಡಿನಲ್ಲಿ ಎರಡು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನವರು ಜಗಳಕ್ಕೇ ಬರುತ್ತಾರೆ, "ನಮ್ಮ ಟೈಮ್ ಯಾಕೆ ತಿನ್ನುವುದು?" ಎಂದು. ಭಾವ ಮನೆಯಲ್ಲೂ ಹಾಗೆಯೇ. ಸ್ನಾನ ನಾಲ್ಕು ನಿಮಿಷ, ಊಟ ಆರು ನಿಮಿಷ. ತಮ್ಮದೇ ಮದುವೆಯಲ್ಲಿ ಪಾಯಸ ಬರುವ ಮೊದಲು ಎದ್ದು ಕೈ ತೊಳೆದವರು ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ.

ಮೂರು ತಿಂಗಳ ಹಿಂದೆ ಒಂದು ತಿರುವಿನಲ್ಲಿ ಅಡ್ಡರಸ್ತೆಯಿಂದ ಸ್ಕೂಟರ್ ನುಗ್ಗಿತು. ಒಬ್ಬರು ಹೆಂಗಸು, ಹಿಂದೆ ಶಾಲೆಗೆ ಹೊರಟ ಮಗು. ಭಾವ ಬ್ರೇಕ್ ಒತ್ತಿದರು. ಗೇಣಿನಷ್ಟು ದೂರದಲ್ಲಿ ಬಸ್ಸು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಚಕ್ರದಡಿ ಹೋದದ್ದು ಮಗುವಿನ ನೀರಿನ ಬಾಟಲಿ ಮಾತ್ರ. ಪ್ರಯಾಣಿಕರು "ಭಾರೀ ಬ್ರೇಕ್ ಮಾರಾಯ್ರೇ" ಎಂದು ಹೊಗಳಿದರು. ಆದರೆ ಭಾವ ಅಂದಿನಿಂದ ಸ್ಟಿಯರಿಂಗ್ ಮುಟ್ಟಿಲ್ಲ. ಮುಟ್ಟಹೋದರೆ ಕೈ ನಡುಗುತ್ತದೆ. ಡಾಕ್ಟರಿಗೆ ತೋರಿಸಿ ಆಯಿತು, ರಜೆ ಆಯಿತು. ಬಸ್ಸಿನ ಧಣಿ ಒಳ್ಳೆಯವರು, ಮೂರು ತಿಂಗಳು ಕಾದರು. ಸೋಮವಾರದೊಳಗೆ ಬರುತ್ತೀರೋ ಇಲ್ಲವೋ ಹೇಳಿ, ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದಿದ್ದರು. ಅದರಲ್ಲಿ ತಪ್ಪೇನಿದೆ?

ನಾನು ಹೋದಾಗ ಭಾವ ಜಗಲಿಯಲ್ಲಿದ್ದರು. ತಲೆಯೆತ್ತದೆ "ಬಾ, ಕೂತುಕೋ" ಎಂದರು. ಸ್ಕ್ರೀನಿನಲ್ಲಿ ಕಡಲು, ಒಂದು ದ್ವೀಪ, ಸಣ್ಣ ದೋಣಿ. ಮನುಷ್ಯರ ಸುಳಿವಿಲ್ಲ.

"ವೈರಿಗಳು ಎಲ್ಲಿದ್ದಾರೆ ಭಾವ?"

"ಇಲ್ಲ."

"ಬಂದೂಕು?"

"ಅದೂ ಇಲ್ಲ ಮಾರಾಯ."

"ಮತ್ತೆ ಸ್ಕೋರ್, ಟೈಮ್?"

ಭಾವ ಆಗ ನನ್ನ ಮುಖ ನೋಡಿದರು. "ಟೈಮ್ ಇಲ್ಲ."

"ಸೋತರೆ ಎಂತ ಆಗುತ್ತದೆ?"

"ಸೋಲುವುದು ಅಂತಲೇ ಇಲ್ಲ. ಒಂದೋ ದಾರಿ ಸಿಗುತ್ತದೆ, ಇಲ್ಲದಿದ್ದರೆ ಇನ್ನೂ ಹುಡುಕಬೇಕು. ಅಷ್ಟೆ. ಹಿಂದಿನಿಂದ ಯಾರೂ ಹಾರ್ನ್ ಹಾಕುವುದಿಲ್ಲ."

ಸಿದ್ಧಮಾಡಿಕೊಂಡು ಹೋಗಿದ್ದ ಭಾಷಣವನ್ನು ನಾನು ಅಲ್ಲಿಗೇ ಕೈಬಿಟ್ಟೆ. (ಇದೇ ಅಂಕಣದಲ್ಲಿ ಮೊಬೈಲ್ ಗೇಮ್‌ಗಳನ್ನು ನಾನು ಎರಡು ಸಲ ಬೈದದ್ದು ನಿಮಗೆ ನೆನಪಿದ್ದರೆ ದಯವಿಟ್ಟು ಮರೆತುಬಿಡಿ.)

ಗೇಮ್ ಹಾಕಿಕೊಟ್ಟವಳು ಭಾವನ ಮಗಳು ನಿಶಾ. ಮಣಿಪಾಲದಲ್ಲಿ ಫಿಸಿಯೋಥೆರಪಿ ಓದುತ್ತಿದ್ದಾಳೆ. ಪರೀಕ್ಷೆಯ ಟೆನ್ಷನ್ ಆದಾಗ ಅವಳ ರೂಮಿನ ಹುಡುಗಿಯರೆಲ್ಲ ಇಂಥದ್ದನ್ನೇ ಆಡುತ್ತಾರಂತೆ. ಸರಿ, ಅಂಥದ್ದೇನಿದೆ ನೋಡೋಣ ಎಂದು ನಾನೂ ಟ್ಯಾಬ್ ಹಿಡಿದೆ. ನಡೆಯುವುದು, ನೋಡುವುದು, ನೀರಿನ ಸದ್ದು ಕೇಳುವುದು. ಅಲ್ಲೊಂದು ಚಕ್ರ ತಿರುಗಿಸಿದರೆ ಇಲ್ಲೊಂದು ದೀಪ ಹತ್ತುತ್ತದೆ. ಗೋಡೆಯ ಮೇಲಿನ ಗುರುತನ್ನೂ ನೆಲದ ಕಲ್ಲುಗಳನ್ನೂ ಹೊಂದಿಸಿ ಒಂದು ಕಿಟಕಿ ತೆರೆದಾಗ ನಾನು ಕೂಗಿಯೇ ಬಿಟ್ಟೆ. ಯಾರಿಗೂ ಉಪಯೋಗವಿಲ್ಲದ ಕೆಲಸ ಮಾಡಿ ಅಷ್ಟು ಖುಷಿಪಟ್ಟು ಎಷ್ಟು ವರ್ಷವಾಗಿತ್ತೋ!

ಜನ ಈ ಆಟಗಳನ್ನು ಯಾಕೆ ಹಚ್ಚಿಕೊಳ್ಳುತ್ತಾರೆಂದು ಆಗ ಸ್ವಲ್ಪ ಅರ್ಥವಾಯಿತು. ಅಲ್ಲಿ ತಪ್ಪು ದಾರಿ ಹಿಡಿದರೂ ನೋಡಲು ಏನಾದರೂ ಇರುತ್ತದೆ, ಒಂದು ಮರ, ಒಂದು ಹಳೆಯ ಮೆಟ್ಟಿಲು. ವಾಪಸು ಬಂದರೆ ಆಯಿತು. ಹೊರಗೆ ನಮಗೆ ಇಷ್ಟು ಸಲ ತಪ್ಪು ಮಾಡಲು ಯಾರು ಬಿಡುತ್ತಾರೆ? ಆಫೀಸಿನಲ್ಲಿ ಒಂದು ಮೇಲ್ ತಪ್ಪಾಗಿ ಹೋದರೆ ವಾರವಿಡೀ ವಿಚಾರಣೆ. ಭಾವನ ವಿಷಯದಲ್ಲಿ ತಪ್ಪು ಅವರದ್ದಲ್ಲ, ಆದರೂ ಮೂರು ತಿಂಗಳ ನಡುಕ.

ಆದರೆ ದ್ವೀಪದಲ್ಲೂ ಭಾವ ಸಿಕ್ಕಿಕೊಂಡಿದ್ದರು. ಎದುರಿನ ಬಂಡೆಯ ಮೇಲೊಂದು ಬಾಗಿಲು, ನಡುವೆ ನೀರು. ದೋಣಿ ಕಟ್ಟಿ ಇಳಿಯಲು ಅಲ್ಲಿ ಜಾಗವಿಲ್ಲ. ಮೂರು ದಿನದಿಂದ ಬಂಡೆಗೆ ಸುತ್ತು ಹಾಕುತ್ತಲೇ ಇದ್ದಾರೆ. ನನ್ನದೂ ಐದು ಸುತ್ತು ಆಯಿತು.

ಆಗ ಚಾ ಹಿಡಿದುಕೊಂಡು ಅಕ್ಕ ಬಂದಳು. ಬುದ್ಧಿ ಹೇಳಬೇಕಾದವನೇ ಟ್ಯಾಬಿಗೆ ಮೂಗು ತಾಗಿಸಿ ಕೂತಿರುವುದನ್ನು ನೋಡಿದಳು. "ನಿನ್ನನ್ನು ಕರೆದದ್ದು ಇದಕ್ಕಾ?" ಎಂದವಳು ತಾನೂ ಬಗ್ಗಿ ನೋಡಿದಳು. "ಬಂಡೆಯ ಮೇಲೆ ಒದ್ದೆ ಗೆರೆ ಕಾಣುವುದಿಲ್ಲವಾ? ಇಲ್ಲಿ ನೀರು ಇಳಿಯುವುದು ಉಂಟು. ದೋಣಿ ನಿಲ್ಲಿಸಿ, ಸುಮ್ಮನೆ ಕೂತುಕೊಳ್ಳಿ."

"ನಿಲ್ಲುವುದಾ?" ಎಂದರು ಭಾವ.

"ಮತ್ತೆ? ಹಿಂದೆ ಬಸ್ ಬರುತ್ತಾ ಉಂಟಾ?"

ಅಕ್ಕನೂ ನಾನೂ ಹುಟ್ಟಿದ್ದು ಉಚ್ಚಿಲದಲ್ಲಿ. ನೀರು ಇಳಿದ ಹೊತ್ತಿಗೆ ಅಮ್ಮನ ಜೊತೆ ಹೊಳೆಬಾಯಿಗೆ ಹೋಗಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿದವಳು ಅವಳು. ನಾನೂ ಹೋಗುತ್ತಿದ್ದೆ. ದಂಡೆಯಲ್ಲಿ ಕೂತು ಹಸಿವೆ ಎಂದು ಅಳುವುದು ನನ್ನ ಪಾಲಿನ ಕೆಲಸವಾಗಿತ್ತು.

ಭಾವ ದೋಣಿ ನಿಲ್ಲಿಸಿದರು. ಒಂದು ನಿಮಿಷವಾಯಿತು. ಅವರ ಬಲಗಾಲು ಜಗಲಿಯ ನೆಲವನ್ನು ಒತ್ತುತ್ತಿತ್ತು, ಅಲ್ಲಿ ಎಕ್ಸಿಲರೇಟರ್ ಇರುವ ಹಾಗೆ. "ಇದು ಆಗುವುದಲ್ಲ" ಎಂದು ಬೆರಳು ಚಾಚಿದರು. ಅಕ್ಕ ಕೈಗೊಂದು ಪೆಟ್ಟು ಕೊಟ್ಟಳು. ನಾಲ್ಕನೆಯ ನಿಮಿಷಕ್ಕೆ ನೀರಿನಿಂದ ಒಂದು ಕಪ್ಪು ಕಲ್ಲು ತಲೆಯೆತ್ತಿತು. ಆಮೇಲೆ ಇನ್ನೊಂದು. ಬಾಗಿಲಿನವರೆಗೂ ಕಲ್ಲುದಾರಿ! ದೋಣಿ ಹೊರಟರೆ ನೀರು ಮತ್ತೆ ಏರುವಂತೆ ಆ ಗೇಮನ್ನು ಮಾಡಿದ್ದರು. ಮೂರು ದಿನ ಭಾವ ನಿಂತಿರಲೇ ಇಲ್ಲ, ಹಾಗಾಗಿ ದಾರಿ ಕಂಡಿರಲೇ ಇಲ್ಲ.

ಭಾವ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ?

ಬಾಗಿಲ ಹಿಂದೆ ಏನಿದೆಯೆಂದು ನೋಡುವ ಆಸೆ ನನಗಿತ್ತು. ಭಾವ ಟ್ಯಾಬ್ ಕೆಳಗಿಟ್ಟು ಧಣಿಗೆ ಫೋನ್ ಮಾಡಿದರು. "ಬರುತ್ತೇನೆ. ಆದರೆ ಎಕ್ಸ್‌ಪ್ರೆಸ್ ಬೇಡ. ಎಲ್ಲ ಕಡೆ ನಿಲ್ಲುವ ಸರ್ವೀಸ್ ಬಸ್ ಕೊಡಿ." ಡ್ರೈವರುಗಳ ಲೋಕದಲ್ಲಿ ಇದು ತಾನಾಗಿ ಕೇಳಿ ಪಡೆದ ಹಿಂಬಡ್ತಿ. ಧಣಿ ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ, "ಆಯಿತು. ಮೊದಲು ಎರಡು ದಿನ ಖಾಲಿ ಬಸ್ ಓಡಿಸಿ ನೋಡಿ. ಕೈ ಸರಿ ಉಂಟು ಅಂತಾದರೆ ಮಾತ್ರ ಜನ ಹತ್ತಿಸುವ."

ಗೇಮ್ ಆಡಿದರೆ ಹೆದರಿಕೆ ವಾಸಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ನಿಂತರೂ ಏನೂ ಕಳೆದುಹೋಗುವುದಿಲ್ಲ ಎಂಬುದನ್ನು ಒಬ್ಬ ಮನುಷ್ಯ ಎಲ್ಲಾದರೂ ಒಂದು ಕಡೆ ಅಭ್ಯಾಸ ಮಾಡಬೇಕಲ್ಲ? ಭಾವನಿಗೆ ಅದು ಆ ದ್ವೀಪದಲ್ಲಿ ಸಿಕ್ಕಿತು.

ಶುಕ್ರವಾರ ಹಿರಿಯಡ್ಕದಲ್ಲಿ ನಾನು ಹತ್ತಿದ ಬಸ್ಸಿನಲ್ಲಿ ಭಾವ ಇದ್ದರು. ಖಾಕಿ ಅಂಗಿ, ಸ್ಟಿಯರಿಂಗ್ ಮೇಲೆ ಎರಡೂ ಕೈ. ನಡುಗುತ್ತಿರಲಿಲ್ಲ, ನಾನು ಬೇಕೆಂದೇ ನೋಡಿದೆ. ಮುಂದಿನ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಬಾಳೆಎಲೆಯ ಕಟ್ಟಿನೊಂದಿಗೆ ನಿಧಾನವಾಗಿ ಹತ್ತಿದರು, ಸೀಟು ಹಿಡಿದು ಕೂರುವ ತನಕ ಬಸ್ಸು ಅಲುಗಲಿಲ್ಲ. ಪರ್ಕಳದಲ್ಲಿ ದೂರದಿಂದ ಓಡಿಬರುತ್ತಿದ್ದವರಿಗಾಗಿ ಕಾದರು. ಮಣಿಪಾಲದಲ್ಲಿ ಮತ್ತೆ ಕಾದರು.

ಅಷ್ಟರಲ್ಲಿ ಮುಂದಿನ ಸೀಟಿನ ಪ್ರಯಾಣಿಕನೊಬ್ಬ ವಾಚ್ ನೋಡಿಕೊಂಡು, "ಸ್ವಲ್ಪ ಬೇಗ ಹೋಗಬಾರದಾ?" ಎಂದು ಗೊಣಗಿದ.

ಆ ಪ್ರಯಾಣಿಕ ನಾನೇ.