ಮಂಕನ ಬಣ್ಣ

ಮೂರು ಪ್ರಶ್ನೆಗಳಿಗೆ ಉತ್ತರ ಕೊಡದೆ ಆ ಅಂಗಡಿಯಿಂದ ಯಾರೂ ಒಂದು ಮೀನನ್ನೂ ಹೊರಗೆ ಒಯ್ದದ್ದಿಲ್ಲ. ಗಾಜಿನ ತೊಟ್ಟಿ ಎಷ್ಟುದ್ದ? ಅದರಲ್ಲಿ ಈಗಾಗಲೇ ಯಾರ್ಯಾರಿದ್ದಾರೆ? ಅವಿತುಕೊಳ್ಳಲು ಕಲ್ಲುಗಳಿವೆಯೆ? ಉತ್ತರ ಕೊಂಚ ತಡವರಿಸಿದರೂ ಅಂಗಡಿಯವಳು ಬಲೆಯನ್ನು ಮೊಳೆಗೆ ಸಿಕ್ಕಿಸಿ, "ಮೊದಲು ಮನೆಗೆ ಹೋಗಿ ನೋಡ್ಕೊಂಡು ಬನ್ನಿ" ಎಂದುಬಿಡುತ್ತಿದ್ದಳು. ಪಕ್ಕದ ಅಂಗಡಿಯ ಟೈಲರ್ ಅವಳಿಗೆ ಲಾಯರಮ್ಮ ಎಂದು ಹೆಸರಿಟ್ಟಿದ್ದ. ಆ ಹೆಸರು ಬೀದಿಯ ಬಾಯಲ್ಲಿ ನಿಂತುಹೋಗಿತ್ತು.

ಲಾಯರಮ್ಮನ ಸಿಟ್ಟಿಗೂ ಒಂದು ಹುಟ್ಟಿದ ದಿನವಿತ್ತು. ಅಪ್ಪ ತೀರಿಕೊಂಡು ಅಂಗಡಿ ಅವಳ ಕೈಗೆ ಬಂದ ಮೊದಲ ವರ್ಷ, ನಿವೃತ್ತ ಮೇಷ್ಟರೊಬ್ಬರು ಬಂದು ಎರಡು ಚೆಂದದ ಸಿಕ್ಲಿಡ್ ಮೀನು ಕೇಳಿದರು. ಅವಳು ಏನೊಂದೂ ಕೇಳದೆ ಕಟ್ಟಿಕೊಟ್ಟಳು. ನಾಲ್ಕನೆಯ ದಿನ ಅವರು ಚೀಲ ಹಿಡಿದು ಬಂದರು. ಚೀಲದಲ್ಲಿ ಒಂದೇ ಮೀನಿತ್ತು. "ಇನ್ನೊಂದನ್ನ ಇದೇ ಮುಗಿಸ್ತು. ನಾನು ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ದೆ" ಎಂದರು. ಬೈಯಲಿಲ್ಲ, ಏನೂ ಕೇಳಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯದೆ ಹೋದದ್ದರಿಂದ ಇಪ್ಪತ್ತಾರು ವರ್ಷಗಳಿಂದ ಅವರ ಪಾಲಿನ ಬೈಗುಳವನ್ನೂ ಅವಳೇ ಬೈಯುತ್ತಿದ್ದಳು.

ಸೊಂಟ ಹಿಡಿದು ಹತ್ತು ದಿನ ಮಲಗಿದ್ದವಳು ಆ ಬೆಳಿಗ್ಗೆ ಅಂಗಡಿಗೆ ಬಂದು, ಚಪ್ಪಲಿ ಬಿಡುವ ಮೊದಲೇ ಕೆಳಸಾಲಿನ ಮೂರನೆಯ ತೊಟ್ಟಿಗೆ ಬಗ್ಗಿದಳು.

"ಮಂಕ ಎಲ್ಲೋ?"

ಆ ಹತ್ತು ದಿನ ಅಂಗಡಿ ನೋಡಿಕೊಂಡಿದ್ದ ಅವಳ ತಮ್ಮ ಪೈಪಿನಲ್ಲಿ ನೀರು ಬದಲಿಸುತ್ತಿದ್ದ. ತಲೆ ಎತ್ತಲಿಲ್ಲ. "ಮಕ್ಕಳ ಕ್ಲಿನಿಕ್ಕಿಗೆ ಹೋದ ಕಣಕ್ಕಾ. ಡಾಕ್ಟರಮ್ಮ ಅರ್ಜೆಂಟ್ ಮಾಡಿದ್ರು."

ಮಂಕ ಮಾರಾಟದ ಮೀನಲ್ಲ. ಮರಿಗಳನ್ನು ಬಾಯೊಳಗೇ ಇಟ್ಟುಕೊಂಡು ಕಾಯುವ ಜಾತಿ ಅದು. ಅವನ ತಾಯಿ ಹೊರಗೆ ಬಿಟ್ಟ ಹನ್ನೊಂದು ಮರಿಗಳಲ್ಲಿ ಉಳಿದವನು ಅವನೊಬ್ಬನೇ. ಸಾಸಿವೆಯಷ್ಟು ತಿನಿಸನ್ನು ಬೆರಳಲ್ಲಿ ಪುಡಿಮಾಡಿ ಹಾಕಿ ಸಾಕಿದ್ದಳು. ಎಡ ಕಿವಿರಿನ ಅಂಚಿನಲ್ಲಿ ಹುಟ್ಟಿನಿಂದ ಬಂದ ಸಣ್ಣ ಕಚ್ಚೊಂದಿತ್ತು. ಬೇರೆ ಬಣ್ಣದ ಒಬ್ಬ ಹಳೇ ಗಂಡು ಮೀನಿನ ಜೊತೆ ಒಂದೇ ತೊಟ್ಟಿಯಲ್ಲಿ ಬೆಳೆದ ಮಂಕ ಸದಾ ಮೂಲೆ ಹಿಡಿದಿರುತ್ತಿದ್ದ. ನೀಲಿಯಾಗಬೇಕಾದ ಮೈ ಒಗೆದು ಒಗೆದು ಮಾಸಿದ ಬಟ್ಟೆಯಂತಿತ್ತು. ಆ ಹೆಸರು ಬಂದದ್ದೂ ಅದಕ್ಕೇ.

"ಜೊತೆಗೆ ಯಾರನ್ನ ಹಾಕಿದ್ದೀಯ?"

"ಆರು ಹಳದಿ. ಎಲ್ಲಾ ನೀನು ಹೇಳಿದ ಹಾಗೇ."

"ಆಮೇಲೆ?"

ತಮ್ಮ ಪೈಪನ್ನು ಕೆಳಗಿಟ್ಟ. "ಅವರ ಗೋಡೆಗೆ ನೀಲಿ ಬಣ್ಣ ಬಳಿಸಿದ್ದಾರೆ. ಅದಕ್ಕೆ ಮ್ಯಾಚ್ ಆಗ್ಬೇಕು ಅಂದ್ರು. ಇನ್ನೊಂದು ನೀಲಿ ಪಟ್ಟೆ ಗಂಡು ತರಿಸಿ ಹಾಕಿದೆ. ಜಾತಿ ಬೇರೆ ಕಣೇ!"

"ಜಾತಿ ನಿನಗೆ ಬೇರೆ! ಅವಕ್ಕೆ ಪುಸ್ತಕ ಓದೋಕೆ ಬರುತ್ತೇನೋ?"

ಟೈಲರ್ ಮಷೀನು ನಿಲ್ಲಿಸಿದ. ಲಾಯರಮ್ಮನ ದನಿ ಆಚೆ ಬೀದಿಗೂ ಕೇಳುವಂತಿತ್ತು. ಈ ಕಸುಬಿನ ಮೊದಲ ಪಾಠವನ್ನೇ ತಮ್ಮ ಗಾಳಿಗೆ ತೂರಿದ್ದ. ಸಿಕ್ಲಿಡ್ ಗಂಡಿಗೆ ಹಳದಿಯವನ ಗೊಡವೆ ಕಡಿಮೆ, ಕಂದು ಮೈಯವನ ಗೊಡವೆಯೂ ಕಡಿಮೆ. ತನ್ನ ಹಾಗೇ ಕಾಣುವವನನ್ನು ಕಂಡರೆ ಮಾತ್ರ ಅವನಿಗೆ ಮೈಯೆಲ್ಲ ಉರಿ. ಒಂದು ತೊಟ್ಟಿಗೆ ಒಂದೇ ನೀಲಿ ಪಟ್ಟೆ. ಇದನ್ನು ತಮ್ಮನಿಗೆ ನೂರು ಸಲ ಹೇಳಿದ್ದಳು.

"ಹತ್ತು ದಿನ! ಹತ್ತೇ ದಿನ ಕಣೋ ನಾನು ಮಲಗಿದ್ದು!"

"ಸ್ವಲ್ಪ ಅಡ್ಜಸ್ಟ್ ಆಗ್ತಾವೆ ಬಿಡಕ್ಕ."

"ನೀನು ಆಗು ಅಡ್ಜಸ್ಟು, ಮೊಸಳೆ ಜೊತೆ!"

ಬಕೆಟ್ಟು, ಎರಡು ಬಲೆ ಎತ್ತಿಕೊಂಡು ಸೊಂಟದ ಪಟ್ಟಿಯನ್ನು ಬಿಗಿದು ಅವಳು ಹೊರಟೇಬಿಟ್ಟಳು.

ಕ್ಲಿನಿಕ್ಕಿನ ಹಜಾರದಲ್ಲಿ ಕೆಮ್ಮು, ಅಳು, ಸ್ಪಿರಿಟ್ಟಿನ ವಾಸನೆ. ನಾಲ್ಕಡಿ ಉದ್ದದ ತೊಟ್ಟಿಗೆ ಮೂಗು ಒತ್ತಿ ಒಬ್ಬ ಪುಟ್ಟ ಹುಡುಗಿ ನಿಂತಿದ್ದಳು. ಅವಳ ಕೈಗೆ ಪ್ಲಾಸ್ಟರ್ ಹಾಕಿತ್ತು. ನೀರು ಬೆಚ್ಚಗಿಡುವ ಹೀಟರಿನ ಹಿಂದೆ, ನೀರಿನ ಮೇಲ್ಮಟ್ಟಕ್ಕೆ ಅಂಟಿಕೊಂಡಂತೆ ಬಣ್ಣಗೆಟ್ಟ ಮೀನೊಂದು ಓರೆಯಾಗಿ ತೇಲುತ್ತಿತ್ತು. ಬಾಲ ಹರಿದು ನಾಲ್ಕು ಎಳೆಯಾಗಿತ್ತು. ಕೆಳಗೆ ಕಲ್ಲಿನ ಗುಡ್ಡೆಯ ಮೇಲೆ, ಉರಿಯುವ ಗ್ಯಾಸಿನ ನೀಲಿಯಂಥ ಮೈ ಹೊತ್ತ ಇನ್ನೊಬ್ಬ ಗಸ್ತು ತಿರುಗುತ್ತಿದ್ದ.

"ಅದು ಯಾಕೆ ಅಲ್ಲೇ ನಿಂತಿದೆ?" ಹುಡುಗಿ ಕೇಳಿದಳು.

"ಕೆಳಗೆ ಒಬ್ಬ ರೌಡಿ ಇದ್ದಾನಲ್ಲ, ಅದಕ್ಕೆ."

"ಅವನು ಕೆಟ್ಟವನಾ?"

"ಶುದ್ಧ ಪೋಕರಿ" ಎಂದಳು ಲಾಯರಮ್ಮ. ಹೊಟ್ಟೆಗೆ ಹಾಕಿ ಬೆಳೆಸಿದ ಮೀನು ಹೀಗೆ ಚಿಂದಿಯಾಗಿರುವುದನ್ನು ಕಂಡು ಅವಳ ಕಣ್ಣಿಗೆ ಕತ್ತಲೆ ಕವಿದಿತ್ತು.

ಡಾಕ್ಟರಮ್ಮ ಬಾಗಿಲಿಗೆ ಬಂದರು. "ಈಗ ತೊಟ್ಟಿಗೆ ಕೈ ಹಾಕ್ಬೇಡಿ ಅಮ್ಮ, ಮಕ್ಕಳು ನೋಡ್ತಿದ್ದಾರೆ."

"ನೋಡ್ಲಿ ಬಿಡಿ. ಗೋಡೆಗೆ ಮ್ಯಾಚ್ ಆಗೋಕೆ ಪರದೆ ತರಿಸ್ಬೇಕಿತ್ತು ನೀವು, ಜೀವ ಅಲ್ಲ."

"ನಿಮ್ಮ ತಮ್ಮನೇ ಏನೂ ಆಗಲ್ಲ ಅಂದಿದ್ದು."

"ಅವನ ಹತ್ರಾನೇ ಕೇಳ್ಕೊಳ್ಳಿ. ನನ್ನದನ್ನ ನಾನು ತಗೊಂಡು ಹೋಗ್ತೀನಿ. ಉಳಿದದ್ದು ನೀವಾಯ್ತು, ಅವನಾಯ್ತು."

ಹರಿದ ಬಾಲದ ಮೀನು ಬಲೆಗೆ ತಾನಾಗಿಯೇ ಬಂತು. ಓಡುವ ಶಕ್ತಿಯೂ ಅದಕ್ಕಿರಲಿಲ್ಲ. ನೀಲಿಯವನು ಗಾಜಿನ ತನಕ ನುಗ್ಗಿ ಬಂದು ಬಲೆಯ ಕಡ್ಡಿಗೆ ಗುದ್ದಿದ. "ನಿನ್ನ ಕೊಬ್ಬು ಇಳಿಸೋರು ಯಾರೂ ಸಿಕ್ಕಿಲ್ಲ ನಿನಗೆ" ಎಂದು ಅವನಿಗೆ ಉಗಿದು ಹೊರಬಂದಳು. ಹಳದಿ ಮೀನುಗಳ ಕಡೆ ತಿರುಗಿಯೂ ನೋಡಲಿಲ್ಲ.

ಅಂಗಡಿಯಲ್ಲಿ ಬಿಳಿಯ ಟಬ್ಬಿಗೆ ನೀರು ತುಂಬಿ, ಚಿಟಿಕೆ ಉಪ್ಪು ಕರಗಿಸಿ, ಗಾಯ ನೋಡಲು ಬಗ್ಗಿದಳು. ತಮ್ಮ ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದ. ಬಲಗಡೆ ನೋಡಿದಳು. ಎಡಗಡೆ ತಿರುಗಿಸಿದಳು. ಕಿವಿರಿನ ಅಂಚು ನುಣುಪಾಗಿತ್ತು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು.

ಕಚ್ಚು ಇರಲಿಲ್ಲ.

"ಏನಾಯ್ತಕ್ಕ?"

ಅವಳು ಸ್ಟೂಲು ಎಳೆದುಕೊಂಡು ಕೂತಳು. ಎರಡು ವರ್ಷ ಮೂಲೆಯಲ್ಲಿ ಬಾಡಿದ್ದವನನ್ನು ಕಂಡು, ಬಾಡುವುದೇ ಅವನ ಬಣ್ಣವೆಂದು ತಿಳಿದಿದ್ದಳು. ತನ್ನನ್ನು ಹೆದರಿಸುವವರು ಯಾರೂ ಇಲ್ಲದ ತೊಟ್ಟಿ ಸಿಕ್ಕಿದೊಡನೆ ಮಂಕ ತನ್ನ ನಿಜವಾದ ನೀಲಿ ಹೊದ್ದುಕೊಂಡಿದ್ದ. ಆ ಪೋಕರಿ ಅವನೇ. ಟಬ್ಬಿನಲ್ಲಿ ಏದುಸಿರು ಬಿಡುತ್ತಿದ್ದದ್ದು ತಮ್ಮ ತರಿಸಿದ ಮೀನು. ಅವಳು ಯಾರನ್ನು ಬೈದಿದ್ದಳೋ ಅವನಿಗೇ ಸಾಸಿವೆಯಷ್ಟು ಸಾಸಿವೆಯಷ್ಟು ತಿನಿಸಿ ಸಾಕಿದ್ದಳು. ಈಗ ಏಟು ತಿನ್ನುವವನು ಹೋದ ಮೇಲೆ ಅವನ ಕಣ್ಣು ಬೀಳುವುದು ಹಳದಿಯವರ ಮೇಲೆ. ತಾನು ತಿರುಗಿಯೂ ನೋಡದೆ ಬಿಟ್ಟು ಬಂದ ಆರು ಜೀವಗಳ ಮೇಲೆ. ಮೇಷ್ಟರ ಚೀಲ ನೆನಪಾಯಿತು.

ಕ್ಲಿನಿಕ್ಕಿಗೆ ಮತ್ತೆ ಹೊರಟಾಗ ತಮ್ಮ ಬಕೆಟ್ಟು ಹಿಡಿದು ಜೊತೆಗೆ ಬಂದ. ದಾರಿಯಲ್ಲಿ ಅವಳು ವಿಷಯ ಹೇಳಿದಳು. ಅವನ ತುಟಿಯ ಮೂಲೆ ಅಲ್ಲಾಡಿತು.

"ನಗಬೇಡ. ನೀನು ಮಾಡಿದ್ದು ತಪ್ಪೇ. ನಾನು ಮಾಡಿದ್ದೂ ತಪ್ಪು. ಎರಡನ್ನೂ ಸೇರಿಸಿ ನಿನ್ನದನ್ನ ಮಾಫಿ ಮಾಡಿಸ್ಕೋಬೇಡ."

"ನಗ್ತಿಲ್ಲ ಕಣೇ. ಸ್ವಲ್ಪ ನಿಧಾನಕ್ಕೆ ನಡಿ, ಸೊಂಟ."

"ಸೊಂಟ ನನ್ನದು."

ಈ ಸಲ ಅವಳು ಡಾಕ್ಟರಮ್ಮನ ಹತ್ತಿರ ಮೊದಲು ತಪ್ಪಾಯಿತು ಎಂದಳು. ಆ ಮಾತನ್ನೂ ಬೈಯುವ ದನಿಯಲ್ಲೇ ಹೇಳಿದ್ದರಿಂದ ಡಾಕ್ಟರಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ತಮ್ಮ ಕಲ್ಲುಗಳನ್ನೆಲ್ಲ ಹೊರತೆಗೆದ. ಅವಿತುಕೊಳ್ಳಲು ಸಂದಿಯಿಲ್ಲದೆ ಮಂಕ ಬಲೆಗೆ ಬಿದ್ದ. ಎಡ ಕಿವಿರಿನಲ್ಲಿ ಕಚ್ಚು ಸ್ಪಷ್ಟವಾಗಿತ್ತು. ಹಳದಿಯೊಂದರ ಬಾಲ ಆಗಲೇ ತುಸು ಸೀಳಿತ್ತು. ಬಾಲ ಸೀಳಿದ ಆ ಮೀನನ್ನು ಅವಳು ಬಹಳ ಹೊತ್ತು ನೋಡಿದಳು.

ಪ್ಲಾಸ್ಟರಿನ ಹುಡುಗಿ ಇನ್ನೂ ಅಲ್ಲೇ ಇದ್ದಳು. "ಪೋಕರೀನ ಹಿಡ್ಕೊಂಡು ಹೋಗ್ತೀರಾ?"

"ಹ್ಞೂ."

"ಎಲ್ಲಿಗೆ?"

"ನಮ್ಮನೆಗೆ. ಇವನು ನಮ್ಮವನೇ" ಎಂದಳು ಲಾಯರಮ್ಮ.

ತಮ್ಮ ಕಲ್ಲುಗಳನ್ನು ಹಿಂದಿನಂತೆಯೇ ಜೋಡಿಸಲು ಹೊರಟಿದ್ದ. "ಹಾಗಲ್ಲ! ಬೇರೆ ಥರ ಇಡು. ಹಳೇ ಜಾಗ ಯಾರಿಗೂ ಗುರುತು ಸಿಗಬಾರದು, ಸಿಕ್ಕರೆ ಅದಕ್ಕೇ ಮತ್ತೆ ಕಿತ್ತಾಡ್ತಾವೆ" ಎಂದು ಗದರಿದಳು. ಕಲ್ಲಿನಿಂದ ಕಲ್ಲಿಗೆ ಅವನ ಕೈ ಹೋಗುವುದನ್ನು ಕಾಯುತ್ತ, ಬಕೆಟ್ಟನ್ನು ಎದೆಗವಚಿಕೊಂಡು ನಿಂತಳು. ಒಳಗಿನಿಂದ ಮಂಕ ಪ್ಲಾಸ್ಟಿಕ್ಕಿಗೆ ಗುದ್ದುತ್ತಲೇ ಇದ್ದ.