ಆಲ್ಟೊ ಸಾಲಿನಲ್ಲಿ ಒಂದು ಜಾಗ

“ನಿಮ್ಮ ದನಿ ಕೇಳಿಸುತ್ತಿದೆ,” ಎಂದು ಪಕ್ಕದಲ್ಲಿ ನಿಂತಿದ್ದ ಬೆಟ್ಟಿ ಮೆಲ್ಲಗೆ ಹೇಳಿದಾಗ ನಾನು ಹಿಗ್ಗಿದೆ. ಧಾರವಾಡದ ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಹಿಂದಿನ ಸಾಲಿನಿಂದ ದನಿ ಕೇಳಿಸಿದರೆ ಮಾಸ್ತರರು ಮುಂದೆ ಕರೆದು ನಿಲ್ಲಿಸುತ್ತಿದ್ದರು. ಶ್ಯಾಂಟಿಲಿ ಎಂಬ ಈ ಪರದೇಶದ ಊರಿನ ಗಾಯನ ವೃಂದದಲ್ಲಿ ಅದು ದೂರು ಎಂದು ತಿಳಿಯಲು ನನಗೆ ಅರ್ಧ ನಿಮಿಷ ಬೇಕಾಯಿತು. ನಲವತ್ತು ಜನ ಹಾಡುವಾಗ ಯಾರೊಬ್ಬರ ದನಿಯೂ ಬೇರೆಯಾಗಿ ಕೇಳಿಸಬಾರದಂತೆ. ಮುಖಕ್ಕೆ ಮಾಸ್ಕ್ ಇದ್ದದ್ದು ಪುಣ್ಯ.

ಅದು 2021ರ ಸೆಪ್ಟೆಂಬರ್. ನಾವು ಈ ದೇಶಕ್ಕೆ ಬಂದದ್ದು ಅದರ ಹಿಂದಿನ ವರ್ಷ, ಕೋವಿಡ್‌ಗೆ ಎಲ್ಲ ಮುಚ್ಚುವುದಕ್ಕೆ ಮೂರು ವಾರ ಮೊದಲು. ಗಂಡ ಮಲಗುವ ಕೋಣೆಯನ್ನು ಆಫೀಸು ಮಾಡಿಕೊಂಡರು, ಮಗಳು ಅನನ್ಯಾ ಊಟದ ಮೇಜನ್ನು ಶಾಲೆ ಮಾಡಿಕೊಂಡಳು, ನನ್ನ ಪಾಲಿಗೆ ಬಾಲ್ಕನಿ ಉಳಿಯಿತು. ಧಾರವಾಡದಲ್ಲಿ ನಾನು ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಪಲ್ಯ ಏನೆಂದು ಕೇಳುತ್ತಿದ್ದಳು. ಇಲ್ಲಿ ಅದೇ ಸಪ್ಪಳಕ್ಕೆ ಕೆಳಗಿನ ಮನೆಯವರು ಬಾಗಿಲಿಗೆ ಚೀಟಿ ಅಂಟಿಸಿ ಹೋದರು. ಒಂದೂವರೆ ವರ್ಷ ಹೀಗೆ ಕಳೆದ ಮೇಲೆ ಗ್ರಂಥಾಲಯದ ಗೋಡೆಯಲ್ಲಿ ‘ಯಾರು ಬೇಕಾದರೂ ಬಂದು ಹಾಡಬಹುದು’ ಎಂಬ ಕಾಗದ ಕಂಡು, ಮರುದಿನವೇ ಹೋಗಿ ಹೆಸರು ಕೊಟ್ಟೆ.

ನನ್ನನ್ನು ಆಲ್ಟೊ ಸಾಲಿಗೆ ಹಾಕಿದರು. ಹೆಂಗಸರಲ್ಲಿ ಮೇಲಿನ ದನಿಯವರು ಸೊಪ್ರಾನೊ. ಹೆಚ್ಚಾಗಿ ಹಾಡಿನ ಧಾಟಿ ಅವರದು. ಕೆಳಗಿನ ದನಿಯವರು ಆಲ್ಟೊ. ಅದೇ ಪದ, ಅದೇ ಹೊತ್ತು, ಆದರೆ ಸ್ವರ ಬೇರೆ. ತೊಂದರೆ ಶುರುವಾದದ್ದು ಇಲ್ಲೇ. ನಮ್ಮಲ್ಲಿ ಕೂಡಿ ಹಾಡುವುದೆಂದರೆ ಎಲ್ಲರೂ ಒಂದೇ ಸ್ವರಕ್ಕೆ ಬಂದು ಸೇರುವುದು. ಪಕ್ಕದವಳಿಗಿಂತ ಬೇರೆ ಸ್ವರ ಬಂತೋ, ನಾಲಿಗೆ ಕಚ್ಚಿಕೊಂಡು ಸರಿಮಾಡಿಕೊಳ್ಳುತ್ತೇವೆ. ನಾನು ಇಲ್ಲಿಯೂ ಅದನ್ನೇ ಮಾಡಿದೆ. ಸೊಪ್ರಾನೊದವರು ಹಾಡಲು ತೊಡಗಿದ್ದೇ ತಡ, ನನ್ನ ದನಿ ಕರು ತಾಯಿಯ ಹಿಂದೆ ಹೋದಂತೆ ಅವರ ಹಿಂದೆ ಹೋಗುತ್ತಿತ್ತು.

ಡಿಸೆಂಬರಿನಲ್ಲಿ, ವರ್ಷದ ಅತಿ ಚಿಕ್ಕ ಹಗಲಿನ ದಿನ ನಮ್ಮ ವೃಂದದ ಹಾಡಿನ ಕಛೇರಿ ಇತ್ತು. ಅದಕ್ಕೆ ಮೊದಲು ನಿರ್ದೇಶಕಿ ಹೆಲೆನ್ ಒಂದು ಪರೀಕ್ಷೆ ಇಡುತ್ತಾರೆ. ಗಂಡಸರ ಎರಡು ಸಾಲೂ ಸೇರಿ ಒಂದೊಂದು ಸಾಲಿನಿಂದ ಒಬ್ಬೊಬ್ಬರು, ಹೀಗೆ ನಾಲ್ವರು ಎದುರಿಗೆ ನಿಂತು ಹಾಡಬೇಕು. ತಮ್ಮ ಸ್ವರ ಹಿಡಿದು ನಿಲ್ಲಲಾರದವರು ಆ ದಿನ ಬಾಗಿಲಲ್ಲಿ ನಿಂತು ಬಂದವರಿಗೆ ಕುರ್ಚಿ ತೋರಿಸಬೇಕು. ನಾನು ಹಾಡಿನ ಎರಡನೇ ಸಾಲಿಗೇ ಸೊಪ್ರಾನೊ ಸ್ವರಕ್ಕೆ ಜಾರಿದೆ. ಹೆಲೆನ್ ಸಿಟ್ಟಾಗಲಿಲ್ಲ. “ಮುಂದಿನ ಮಂಗಳವಾರ ಇನ್ನೊಮ್ಮೆ ನೋಡೋಣ,” ಎಂದರು. ಆ ಸೌಜನ್ಯವೇ ನನ್ನನ್ನು ಕೊಂದಿತು.

“ಅಷ್ಟ್ ಚಂದ ಹಾಡ್ತಿ, ನಿನಗ್ಯಾಕ ಇವರ ಟೆಸ್ಟ್? ಬಿಟ್ಟ್ ಬಿಡು,” ಎಂದರು ಗಂಡ.

“ಬಿಟ್ರ ನನಗ ಮತ್ತ ಬಾಲ್ಕನಿನ ಗತಿ,” ಎಂದೆ. ಬೇಕಿದ್ದಕ್ಕಿಂತ ಜೋರಾಗಿಯೇ ಬಂತು. ವಾರಕ್ಕೊಮ್ಮೆ ಯಾರೋ ನನ್ನ ಹೆಸರು ಹಿಡಿದು ಕರೆಯುತ್ತಿದ್ದ ಜಾಗ ಈ ಊರಿನಲ್ಲಿ ಅದೊಂದೇ. ಅದು ಹೋಗಿಬಿಟ್ಟರೆ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಆ ವಾರ ಅನನ್ಯಾಳನ್ನು ಶಾಲೆಗೆ ಬಿಡುವಾಗ, ಕರೆತರುವಾಗ ಕಾರಿನಲ್ಲಿ ಅಭ್ಯಾಸ. ಅವಳು ಸೊಪ್ರಾನೊ, ನಾನು ಆಲ್ಟೊ. ಪ್ರತಿ ಸಿಗ್ನಲ್ಲಿಗೂ ಅವಳ ದೂರು.

“ಅಮ್ಮ, ಯೂ ಆರ್ ಆನ್ ಮೈ ಲೈನ್ ಅಗೇನ್. ನಿನ್ದು ಕೆಳಗೆ ಇದೆ.”

“ನೀ ಸಣ್ಣಗ ಹಾಡ. ನನಗ ಕೇಳಸಬಾರದು.”

“ದಟ್ಸ್ ಚೀಟಿಂಗ್,” ಎಂದು ಇನ್ನಷ್ಟು ಜೋರಾಗಿ ಹಾಡಿದಳು. ಗುರುವಾರ ಅವಳ ದನಿ ಕೇಳಲೇಬಾರದೆಂಬ ಹಟ ಬಿಟ್ಟೆ. ಅವಳ ಸ್ವರವನ್ನು ಪೂರ್ತಿ ಕೇಳುತ್ತಲೇ ನನ್ನ ಸ್ವರದಲ್ಲಿ ಉಳಿಯಬೇಕು; ಉಪಾಯ ಅಷ್ಟೇ. ಶುಕ್ರವಾರ ಅವಳು ಒಂದೂ ದೂರು ಹೇಳದೆ ಇಳಿದು ಹೋದಳು.

ಮಂಗಳವಾರ ನಾಲ್ವರಲ್ಲಿ ನಿಂತು ಕೊನೆಯವರೆಗೂ ಹಾಡಿದೆ. ಹೆಲೆನ್ “ಮುಂದಿನವರು ಬನ್ನಿ,” ಎಂದರು, ಅಷ್ಟೇ. ನಾನು ಪಾಸಾಗಿದ್ದೆ.

ಕಛೇರಿಯ ದಿನ ಸಂಜೆ ಐದಕ್ಕೇ ಹೊರಗೆ ಕತ್ತಲಾಗಿತ್ತು. ನಾವು ಸಂಕ್ರಾಂತಿಯ ಬೆಳಗ್ಗೆ ಎಳ್ಳು ಬೀರಿ ಹಗಲನ್ನು ಬರಮಾಡಿಕೊಂಡರೆ, ಇವರು ದೀಪವನ್ನೆಲ್ಲ ಆರಿಸಿ, ಕತ್ತಲಲ್ಲಿ ಕೂಡಿ ಕುಳಿತು ಅದನ್ನು ಕಾಯುತ್ತಾರೆ. ವೇದಿಕೆ ಹತ್ತುವಾಗ ಬೆಟ್ಟಿ ಹೇಳಿದಳು: “ನೀನು ನಿಲ್ಲುವುದು ನನ್ನ ಗೆಳತಿಯ ಜಾಗ. ಹದಿನೆಂಟು ವರ್ಷ ಅಲ್ಲೇ ನಿಂತಿದ್ದಳು. ಹೋದ ಚಳಿಗಾಲದಲ್ಲಿ ಕೋವಿಡ್‌ನಲ್ಲಿ ಹೋದಳು.” ನಾನು ಹೋಗಿ ಆ ಜಾಗದಲ್ಲಿ ನಿಂತೆ.

ಹಾಡಿನ ಕೊನೆಯ ಸ್ವರ ಬಹಳ ಉದ್ದ. ಹೆಲೆನ್ ಎತ್ತಿದ ಕೈ ಇಳಿಸುವುದೇ ಇಲ್ಲ. ಎಲ್ಲರೂ ಒಟ್ಟಿಗೆ ಉಸಿರೆಳೆಯಬಾರದು, ಒಬ್ಬರಾದ ಮೇಲೆ ಒಬ್ಬರು ಕದ್ದು ಎಳೆಯಬೇಕು ಎಂದು ಕಲಿಸಿದ್ದರು. ಹೆದರಿಕೆಯಲ್ಲಿ ನಾನು ಅದನ್ನು ಮರೆತೇಬಿಟ್ಟೆ. ನಾನು ಬಿಟ್ಟರೆ ಆ ಸತ್ತವಳ ಜಾಗ ಮತ್ತೆ ಖಾಲಿಯಾಗುತ್ತದೆ ಎಂಬಂತೆ ಹಿಡಿದೇ ನಿಂತೆ. ಎದೆ ಬಿಗಿಯಿತು, ಕಣ್ಣು ಮಂಜಾಯಿತು. ಬೆಟ್ಟಿ ಮೊಣಕೈಯಿಂದ ತಿವಿದಳು. ಬಿಟ್ಟೆ.

ಸ್ವರ ನಿಲ್ಲಲಿಲ್ಲ. ನಾನಿಲ್ಲದೆಯೂ ಅದು ಹಾಗೆಯೇ ನಡೆದಿತ್ತು. ಉಸಿರೆಳೆದುಕೊಂಡು ಮತ್ತೆ ಸೇರಿದೆ. ಆಗ ಬೆಟ್ಟಿ ಉಸಿರೆಳೆದಳು. ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ಖುಷಿಗೆ ಅತ್ತೆ.

ಮುಂದಿನ ಮೇ ತಿಂಗಳಲ್ಲಿ ತಂಗಿಯ ಮದುವೆಗೆ ಧಾರವಾಡಕ್ಕೆ ಹೋದೆವು. ಅರಿಸಿನ ಹಚ್ಚುವ ದಿನ ದೊಡ್ಡವ್ವ ಸೋಬಾನೆ ಪದ ಎತ್ತಿಕೊಂಡಳು. ಹೆಂಗಸರೆಲ್ಲ ದನಿಗೂಡಿಸಿದರು, ನಾನೂ ಕಣ್ಣು ಮುಚ್ಚಿ ಸೇರಿಕೊಂಡೆ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದರೆ ಅಕ್ಕಪಕ್ಕದವರು ನನ್ನನ್ನೇ ನೋಡುತ್ತಿದ್ದಾರೆ. ನನಗೇ ತಿಳಿಯದಂತೆ ದನಿ ಕೆಳಗಿನ ಸ್ವರ ಹಿಡಿದಿತ್ತು. ಅವರ ಸ್ವರಕ್ಕೆ ಹತ್ತಲು ನೋಡಿದೆ, ಮತ್ತೆ ಜಾರಿತು.

ದೊಡ್ಡವ್ವ ಪದ ನಿಲ್ಲಿಸಿದಳು. “ಯಾಕವ್ವಾ, ನೀ ಒಬ್ಬಾಕಿನ ಬ್ಯಾರೆ ಹಾಡಾಕತ್ತಿ? ನಮ್ಮ ಕೂಡ ಹಾಡ.”

ನಾನು ಅವರ ಕೂಡವೇ ಹಾಡುತ್ತಿದ್ದೆ.