ಹಳ್ಳದ ಚಿನ್ನ ಮತ್ತು ನನ್ನ ಮೂಗುಬೊಟ್ಟು

ನಮ್ಮ ಯಜಮಾನರು ಚಿಕ್ಕಜಾಜೂರಿನಲ್ಲಿ ರೈಲ್ವೆ ಕೆಲಸದಿಂದ ನಿವೃತ್ತರಾದ ಮೇಲೆ ಬಾಗೂರಿನ ಆಚೆ ಒಂದು ತುಂಡು ಜಮೀನು ಕೊಂಡರು. ಜಮೀನು ಅಂದರೆ ಕಲ್ಲು, ಜಾಲಿ, ನಡುವೆ ಒಂದಿಷ್ಟು ಮಣ್ಣು. ಅಲ್ಲೇ ತಗಡಿನ ಕೋಣೆ ಹಾಕಿಕೊಂಡು ಇದ್ದುಬಿಡೋಣ ಎಂದರು. ಅವರೆ, ತೊಗರಿ ಬೆಳೆಯುವ ಆಸೆಗೆ ನಾನೂ ಒಪ್ಪಿದೆ. ಅವರ ಆಸೆ ಬೇರೆಯೇ ಇತ್ತು. ಜಮೀನಿನ ಪಕ್ಕದ ಹಳ್ಳದಲ್ಲಿ ಹಿಂದಿನವರು ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರು ಎಂದು ಯಾರೋ ಅವರಿಗೆ ರೈಲಿನಲ್ಲಿ ಹೇಳಿದ್ದರಂತೆ.

ಮೊದಲ ಗಾಳಿಮಳೆಗೆ ಒಂದು ತಗಡು ಹಾರಿ ಪಕ್ಕದ ಹೊಲಕ್ಕೆ ಹೋಯಿತು. ನಾನು ಅದರ ಹಿಂದೆ ಓಡಿದರೆ ಇವರು ನನ್ನ ಹಿಟ್ಟು ಕಲಸುವ ಪರಾತ ಹಿಡಿದು ಹಳ್ಳಕ್ಕೆ ಓಡಿದರು. ಹೊಸ ನೀರು ಹೊಸ ಚಿನ್ನ ತರುತ್ತದಂತೆ. ಅಂದಿನಿಂದ ದಿನವೂ ಬೆಳಿಗ್ಗೆ ಗೇಣುದ್ದ ನೀರಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಮರಳು ಜಾಲಿಸುವುದೇ ಕೆಲಸ. ಹೊಳೆಯುವುದೆಲ್ಲ ಉಪ್ಪಿನಕಾಯಿ ಬಾಟಲಿಗೆ ಸೇರುತ್ತಿತ್ತು. ಅದು ಕಾಗೆಬಂಗಾರ, ಹೊಲದ ತುಂಬ ಬಿದ್ದಿದೆ ಎಂದರೆ, ಚಿನ್ನ ಅದರ ಕೆಳಗೇ ಇರುತ್ತದೆ ಎಂದು ನನಗೆ ಪಾಠ ಹೇಳುತ್ತಿದ್ದರು.

ಒಂದು ದಿನ ಕುರಿ ಹೊಡೆದುಕೊಂಡು ಬಂದ ಕುರುಬರ ಅಜ್ಜಿಯೊಬ್ಬಳು ದಡದಲ್ಲಿ ನಿಂತು ಬಹಳ ಹೊತ್ತು ಇವರನ್ನೇ ನೋಡಿದಳು.

“ಏನ್ ಕಳ್ಕಂಡ್ರಿ ಯಜಮಾನ್ರೆ?”

ಚಿನ್ನ ಹುಡುಕುತ್ತಿದ್ದೇನೆ ಎನ್ನಲು ಇವರಿಗೆ ನಾಚಿಕೆ. “ನಮ್ಮನೇರ ಮೂಗುಬೊಟ್ಟು ಬಿದ್ದೈತವ್ವ,” ಎಂದುಬಿಟ್ಟರು.

ನಾನು ಅಲ್ಲೇ ಬಟ್ಟೆ ಒಗೆಯುತ್ತಿದ್ದೆ. ಮೂಗುಬೊಟ್ಟು ನನ್ನ ಮೂಗಿನಲ್ಲೇ ಇತ್ತು. ಗಂಡನ ಮರ್ಯಾದೆ ಉಳಿಸಲು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅಜ್ಜಿ ನಾನು ಅಳುತ್ತಿದ್ದೇನೆ ಎಂದುಕೊಂಡಳು. ಊಟದ ಹೊತ್ತಿಗೆ ಅವಳ ಹಟ್ಟಿಯ ಹೆಂಗಸರೆಲ್ಲ ಜರಡಿ, ಮೊರ ಹಿಡಿದು ಹಳ್ಳಕ್ಕೆ ಇಳಿದಿದ್ದರು. ಒಬ್ಬೊಬ್ಬರೇ ಬಂದು ಬೆನ್ನು ಸವರಿ, ಅಳಬೇಡಿ, ಸಿಕ್ಕೇ ಸಿಗುತ್ತದೆ ಎಂದು ಸಮಾಧಾನ ಹೇಳುತ್ತಿದ್ದರು. ನಾನು ನಗು ತಡೆಯಲಾರದೆ ಅಲುಗಾಡಿದಷ್ಟೂ ಅವರ ಕನಿಕರ ಹೆಚ್ಚುತ್ತಿತ್ತು. ಇವರು ಮಾತ್ರ ಇಷ್ಟು ಕೈಗಳು ಸಿಕ್ಕ ಖುಷಿಯಲ್ಲಿ, ಇಲ್ಲಿ ತೋಡಿ, ಅಲ್ಲಿ ತೋಡಿ ಎಂದು ಸ್ಟೇಷನ್ ಮಾಸ್ಟರರಂತೆ ಕೈ ಬೀಸುತ್ತಿದ್ದರು.

ಸಂಜೆ ಬಿಸಿಲು ಇಳಿಯುವಾಗ ಒಬ್ಬಳು ಕೂಗಿದಳು. ಅವಳ ಅಂಗೈಯಲ್ಲಿ ನಿಜಕ್ಕೂ ಒಂದು ಮೂಗುಬೊಟ್ಟಿತ್ತು, ಕೆಂಪು ಹರಳಿನದು. ಎಲ್ಲರೂ ನನ್ನ ಸುತ್ತ ನೆರೆದರು.

“ಹಾಕ್ಕಳ್ರಿ ಅಕ್ಕ, ನೋಡಾಣ.”

ನಾನು ಇವರ ಮುಖ ನೋಡಿದೆ. ಇವರು ಆಕಾಶ ನೋಡಿದರು. ಬೇರೆ ದಾರಿಯಿಲ್ಲದೆ ಸೆರಗು ತೆಗೆದೆ. ಎಲ್ಲರೂ ಬಗ್ಗಿ ನನ್ನ ಮೂಗಿನಲ್ಲಿದ್ದ ಬೊಟ್ಟನ್ನು ನೋಡಿದರು. ಆಮೇಲೆ ಅಜ್ಜಿ ನನ್ನ ಮೂಗನ್ನೇ ಮುಟ್ಟಿ ನೋಡಿ, ನಕ್ಕು ನಕ್ಕು ಮರಳಿನ ಮೇಲೆ ಕುಳಿತಳು. ನಾನು ನಡೆದದ್ದನ್ನೆಲ್ಲ ಹೇಳಿ ಕೈಮುಗಿದೆ.

ನಗು ನಿಂತ ಮೇಲೆ ಅಜ್ಜಿ ಆ ಬೊಟ್ಟನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ, ಪಕ್ಕದಲ್ಲಿದ್ದ ಸೊಸೆಗೆ ತೋರಿಸಿದಳು. “ಇದು ನಂದಲ್ಲೇನೇ? ಕಂಬಳಿ ಒಗೆಯಾವಾಗ ಬಿದ್ದಿತ್ತು. ನನ್ ಗಂಡ ಇದ್ದಾಗಿಂದು.” ಸೊಸೆ ಅದನ್ನು ತೊಳೆದು ಅವಳ ಮೂಗಿಗಿಡಲು ಹೋದರೆ ರಂಧ್ರ ಮುಚ್ಚಿಹೋಗಿತ್ತು. ಅಜ್ಜಿ ಅದನ್ನು ಎಲೆ‌ಅಡಿಕೆ ಚೀಲದಲ್ಲಿಟ್ಟು, ಮತ್ತೆ ತೆಗೆದು ನೋಡಿ, ಮತ್ತೆ ಇಟ್ಟಳು.

ಹಳ್ಳದಲ್ಲಿ ಚಿನ್ನ ಇದೆ ಎಂದು ತಾವು ಮೊದಲೇ ಹೇಳಿರಲಿಲ್ಲವೇ ಎಂದು ಆ ರಾತ್ರಿ ಊಟಕ್ಕೆ ಕುಳಿತಾಗ ಇವರು ಕೇಳಿದರು. ಮರುದಿನದಿಂದ ಹಟ್ಟಿಯ ಹೆಂಗಸರು ತಾವು ಹಳ್ಳದಲ್ಲಿ ಕಳೆದುಕೊಂಡದ್ದನ್ನೆಲ್ಲ ಹೇಳಿ ಹೋಗತೊಡಗಿದರು. ಒಬ್ಬಳ ಓಲೆ, ಒಬ್ಬಳ ಕಾಲುಂಗುರ, ಒಬ್ಬಳ ಪೆಟ್ಟಿಗೆಯ ಕೀಲಿ. ಇವರು ಈಗ ದಿನವೂ ಹಳ್ಳಕ್ಕಿಳಿಯುವುದು ಅದಕ್ಕೇ. ಕೀಲಿ ಸಿಕ್ಕಿದೆ. ಆ ಪೆಟ್ಟಿಗೆಯನ್ನು ಅವಳ ಮನೆಯವರು ಯಾವತ್ತೋ ಒಡೆದು ತೆಗೆದಿದ್ದರಂತೆ.